ಕ್ಯಾಂಪ್ ಸುದ್ದಿಯೂ ನಿಲ್ಲಬಾರದು, ಮನೆಯ ಸಂಬಳವೂ ಕರಗಬಾರದು

ಪ್ರಶ್ನೆ: ಹನ್ನೊಂದು ವರ್ಷಗಳಿಂದ ದಾವಣಗೆರೆಯ ನನ್ನ ಮನೆಯ ಪಡಸಾಲೆಯಿಂದಲೇ ಒಂದು ಸಣ್ಣ ಸುದ್ದಿ ಸೇವೆ ನಡೆಸುತ್ತಿದ್ದೇನೆ. ಊರಿಂದ ಊರಿಗೆ ತಿರುಗುವ ಯಾವ ನಾಟಕ ಕಂಪನಿಯ ಕ್ಯಾಂಪ್ ಎಲ್ಲಿದೆ, ಈ ವಾರ ಯಾವ ನಾಟಕ, ಯಾರು ಯಾವ ಕಂಪನಿ ಸೇರಿದರು, ಎಲ್ಲಿ ರಸಮಂಜರಿ, ಎಲ್ಲಿ ಹಾಸ್ಯ ಸಂಜೆ, ಯಾರು ತೀರಿಕೊಂಡರು, ಎಲ್ಲವೂ ಪ್ರತಿ ಗುರುವಾರ ವಾಟ್ಸ್‌ಆ್ಯಪ್‌ನಲ್ಲಿ ಹೋಗುತ್ತದೆ. ತಿಂಗಳಿಗೊಮ್ಮೆ ನಾಲ್ಕು ಪುಟದ ಹಾಳೆಯನ್ನು ಮುದ್ರಿಸಿ ಅಂಚೆಗೆ ಹಾಕುತ್ತೇನೆ. ವರ್ಷಕ್ಕೆ 200 ರೂಪಾಯಿ ಕೊಡುವ 112 ಚಂದಾದಾರರಿದ್ದಾರೆ. ಜಾಹೀರಾತಿನಿಂದ ತಿಂಗಳಿಗೆ 2,500 ರೂಪಾಯಿ ಬಂದರೆ ಹೆಚ್ಚು. ಕೋವಿಡ್‌ಗೆ ಮುಂಚೆ ಇದರ ಎರಡರಷ್ಟಿತ್ತು. ಮುದ್ರಣಕ್ಕೆ 4,200, ಅಂಚೆಗೆ 1,400, ಓಡಾಟಕ್ಕೆ 2,500, ಫೋನು ಮತ್ತು ಇಂಟರ್ನೆಟ್ಟಿಗೆ 700 ಖರ್ಚಾಗುತ್ತದೆ. ಪ್ರೆಸ್ಸಿನವರಿಗೆ 18,000 ಬಾಕಿ. ಹೆಂಡತಿಯ ಸಂಬಳದಲ್ಲಿ ಹೇಗೋ ತೂಗಿಸುತ್ತಿದ್ದೇನೆ. "ನಮ್ಮ ಬಗ್ಗೆ ಚೆನ್ನಾಗಿ ಬರೆಯಿರಿ, ನೋಡಿಕೊಳ್ಳುತ್ತೇವೆ" ಎನ್ನುವ ಮಾಲೀಕರಿದ್ದಾರೆ. ಒಬ್ಬರಂತೂ ಸೇವೆಯನ್ನೇ ಕೊಂಡುಕೊಳ್ಳುತ್ತೇನೆ ಎನ್ನುತ್ತಿದ್ದಾರೆ. ಮುಚ್ಚಲೇ, ಮಾರಲೇ, ಮುಂದುವರಿಸಲೇ?

ಉತ್ತರ: ಸಣ್ಣ ಪತ್ರಿಕೆಗಳ ಲೆಕ್ಕ ಬರೆಯುತ್ತ ಮೂವತ್ತು ವರ್ಷ ಕಳೆದವನು ನಾನು. ಕಷ್ಟಕ್ಕೆ ಸಿಕ್ಕಿದ ಸಂಪಾದಕರು ಬರೆಯುವ ಕಾಗದದಲ್ಲಿ ರಂಗಭೂಮಿಯ ಅವನತಿ, ಟೀವಿಯ ಹಾವಳಿ, ಜನರ ಅಭಿರುಚಿ ಎಲ್ಲವೂ ಇರುತ್ತದೆ. ಅಂಕಿ ಮಾತ್ರ ಒಂದೂ ಇರುವುದಿಲ್ಲ. ನೀವು ಬರೆದಿದ್ದೀರಿ. ಆದ್ದರಿಂದ ಮೊದಲು ಅದನ್ನೇ ಎತ್ತಿಕೊಳ್ಳುತ್ತೇನೆ.

ತಿಂಗಳ ಖರ್ಚು 8,800. ಚಂದಾ ವರ್ಷಕ್ಕೆ 22,400, ಎಂದರೆ ತಿಂಗಳಿಗೆ ಹೆಚ್ಚುಕಡಿಮೆ 1,870. ಜಾಹೀರಾತು ಕೂಡಿಸಿದರೆ 4,370. ಉಳಿದ 4,430 ರೂಪಾಯಿ ನಿಮ್ಮ ಮನೆಯವರ ಸಂಬಳದಿಂದ ಹೋಗುತ್ತಿದೆ. ವರ್ಷಕ್ಕೆ 53,000 ದಾಟುತ್ತದೆ. ನಿಮ್ಮ ಸೇವೆಯ ಅತಿ ದೊಡ್ಡ ಜಾಹೀರಾತುದಾರರು ಅವರೇ, ಆದರೆ ಅವರ ಹೆಸರು ಯಾವ ಪುಟದಲ್ಲೂ ಇಲ್ಲ.

ಈಗ ಇದೇ ಲೆಕ್ಕವನ್ನು ಮಗುಚಿ ಹಾಕಿ. ಮುದ್ರಣ, ಅಂಚೆ ಎರಡೂ ಸೇರಿ ಒಂದು ಸಂಚಿಕೆಗೆ 5,600 ಬೀಳುತ್ತದೆ. ತಿಂಗಳಿಗೊಂದರ ಬದಲು ಮೂರು ತಿಂಗಳಿಗೊಂದು ತಂದರೆ ವರ್ಷಕ್ಕೆ 22,400. ನಿಮ್ಮ ಚಂದಾ ಹಣವೂ ಅಷ್ಟೇ, ಒಂದು ರೂಪಾಯಿ ಹೆಚ್ಚಿಲ್ಲ, ಕಡಿಮೆಯಿಲ್ಲ. ಇದು ನನ್ನ ಕೈಚಳಕವೇನಲ್ಲ, ನೀವೇ ಕೊಟ್ಟ ಅಂಕಿ. ಹಾಳೆ ತನ್ನ ಕಾಲ ಮೇಲೆ ನಿಂತಿತು. ಇನ್ನು ಓಡಾಟ, ಫೋನಿನ 3,200. ಅದರ ಎದುರು ಜಾಹೀರಾತಿನ 2,500. ಕೊರತೆ ತಿಂಗಳಿಗೆ 700 ರೂಪಾಯಿ. ಮುಚ್ಚಲೇ ಎಂದು ನೀವು ಕೇಳಿದ ಪ್ರಶ್ನೆ ಇಷ್ಟು ಸಣ್ಣದು.

ಹನ್ನೆರಡು ಸಂಚಿಕೆಗೆ ಹಣ ಕೊಟ್ಟವರಿಗೆ ನಾಲ್ಕು ಕೊಡುವುದು ಮೋಸವಲ್ಲವೇ ಎಂದು ನೀವು ಕೇಳಬಹುದು. ಹೇಳದೆ ಕೊಟ್ಟರೆ ಮೋಸವೇ. 112 ಜನ ಎಂದರೆ ಎರಡು ದಿನದ ಫೋನ್ ಕೆಲಸ. "ಹಾಳೆ ಇನ್ನು ಮೂರು ತಿಂಗಳಿಗೊಮ್ಮೆ, ಗುರುವಾರದ ಸುದ್ದಿ ಎಂದಿನಂತೆ, ಒಪ್ಪಿಗೆಯಿಲ್ಲದಿದ್ದರೆ ಉಳಿದ ಹಣ ವಾಪಸ್" ಎಂದು ಒಬ್ಬೊಬ್ಬರಿಗೂ ಹೇಳಿ. ವಾಪಸ್ ಕೇಳಿದವರಿಗೆ ಅದೇ ದಿನ ಕಳುಹಿಸಿ. ಅಂಥವರು ಬೆರಳೆಣಿಕೆಯಷ್ಟೇ ಇರುತ್ತಾರೆ ಎಂದು ನನ್ನ ಅನುಭವ ಹೇಳುತ್ತದೆ. ನಿಜ ಹೇಳಬೇಕೆಂದರೆ, ಹಾಳೆ ನಿಂತುಹೋಗಿದೆ ಎಂದೇ ತಿಳಿದುಕೊಂಡಿದ್ದ ಒಂದಿಬ್ಬರೂ ನಿಮಗೆ ಸಿಗುತ್ತಾರೆ.

ಇನ್ನು, ನಿಮ್ಮಲ್ಲಿ ಬೆಲೆಬಾಳುವುದು ಯಾವುದು ಎನ್ನುವ ವಿಷಯ. ಕೆಲವು ವರ್ಷಗಳ ಹಿಂದೆ ಬನದ ಹುಣ್ಣಿಮೆಯ ಮಾರನೆಯ ದಿನ ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿದ್ದೆ. ಸಾಲಾಗಿ ಕಂಪನಿಗಳು ತಗಡಿನ ಥಿಯೇಟರ್ ಹಾಕಿಕೊಂಡು ಕುಳಿತಿದ್ದವು. ಒಂದರ ಟಿಕೆಟ್ ಕೌಂಟರಿನ ಒಳಗೋಡೆಯ ಮೇಲೆ, ದೇವರ ಫೋಟೋದ ಕೆಳಗೆ, ನೋಟುಪುಸ್ತಕದಿಂದ ಹರಿದ ಹಾಳೆಯೊಂದನ್ನು ಅಂಟಿಸಿದ್ದರು. ಯಾರದೋ ವಾಟ್ಸ್‌ಆ್ಯಪ್ ಸುದ್ದಿಯನ್ನು ಪೆನ್ನಿನಲ್ಲಿ ಇಳಿಸಿಕೊಂಡ ಪಟ್ಟಿ: ಊರು, ಕಂಪನಿ, ಎಷ್ಟನೆಯ ತಾರೀಖಿನವರೆಗೆ. ಎರಡು ಊರುಗಳ ಸುತ್ತ ಕೆಂಪು ಶಾಯಿಯ ಸುತ್ತು. ಆ ಸುತ್ತು ಏಕೆ ಎಂದು ಕೇಳಿದೆ. "ಅಲ್ಲಿ ಈಗ ಯಾರೂ ಇಲ್ಲ ಸರ್. ಜಾತ್ರೆಯಲ್ಲಾದರೆ ಹತ್ತು ಕಂಪನಿ ಕೂಡಿದಷ್ಟೂ ಜನ. ಬರಿಯ ಊರಿನಲ್ಲಿ ಎರಡು ಕಂಪನಿ ಕುಳಿತರೆ ಇಬ್ಬರಿಗೂ ಕಲೆಕ್ಷನ್ ಇಲ್ಲ" ಎಂದರು ಮಾಲೀಕರು. ಥಿಯೇಟರ್ ಬಿಚ್ಚಿ, ಲಾರಿಗೆ ಏರಿಸಿ, ಇನ್ನೊಂದು ಊರಿನಲ್ಲಿ ಕಟ್ಟುವುದೆಂದರೆ ಅವರಿಗೆ ಎಷ್ಟು ಖರ್ಚು ಎಂಬುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಆ ಹಾಳೆಯನ್ನು ನೋಡಿಯೇ ಅವರು ಲಾರಿ ಯಾವ ದಿಕ್ಕಿಗೆ ಹೊರಡಬೇಕೆಂದು ತೀರ್ಮಾನಿಸುತ್ತಿದ್ದರು.

ಬೆಲೆ ಇರುವುದು ಅದಕ್ಕೆ. ನಿಮ್ಮ ನಾಟಕ ವಿಮರ್ಶೆ ಒಂದು ತಿಂಗಳು ಬರದಿದ್ದರೆ ಇಬ್ಬರೋ ಮೂವರೋ ಕೇಳಿಯಾರು. ಗುರುವಾರದ ಕ್ಯಾಂಪ್ ಪಟ್ಟಿ ಶುಕ್ರವಾರಕ್ಕೆ ಜಾರಿದರೆ ನಲವತ್ತು ಫೋನ್ ಬರುತ್ತವೆ. ಕೈ ಬಿಗಿಯಾದಾಗ ಯಾವುದನ್ನು ಬಿಡಬೇಕು ಎನ್ನುವುದಕ್ಕೆ ನಾನು ಕಂಡ ಅಳತೆಗೋಲು ಇದೊಂದೇ. ವಿಮರ್ಶೆಯನ್ನು ತ್ರೈಮಾಸಿಕಕ್ಕೆ ಇಟ್ಟುಕೊಳ್ಳಿ, ಒಂದೇ ಬರೆಯಿರಿ, ಚೆನ್ನಾಗಿ ಬರೆಯಿರಿ. ಪಟ್ಟಿ ಮಾತ್ರ ಗುರುವಾರ ಬೆಳಿಗ್ಗೆ ಹೋಗಲೇಬೇಕು. ಓಡಾಟದ 2,500ರಲ್ಲೂ ಸ್ವಲ್ಪ ಉಳಿಯಬಹುದು. ಪಟ್ಟಿಗೆ ಬುಧವಾರ ಸಂಜೆ ಹದಿನೈದು ಫೋನ್ ಮಾಡಿದರೆ ಸಾಕು, ಬಸ್ ಹತ್ತಬೇಕಾಗಿಲ್ಲ.

ಈಗ ಆ 700 ರೂಪಾಯಿ. ನೀವು ಕಂಪನಿಗಳ ಕಡೆಗೇ ನೋಡುತ್ತಿದ್ದೀರಿ. ಅಲ್ಲಿ ದುಡ್ಡಿಲ್ಲ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದಾಗ ಕ್ಯಾಂಪಿನಲ್ಲೇ ಸಿಕ್ಕಿಬಿದ್ದು, ಪರದೆ ಪೆಟ್ಟಿಗೆಗಳ ನಡುವೆ ಅಡುಗೆ ಮಾಡಿಕೊಂಡು ದಿನ ದೂಡಿದವರಲ್ಲಿ ಎಷ್ಟೋ ಜನ ಆಗಿನ ಸಾಲದಿಂದ ಇನ್ನೂ ಪೂರ್ತಿ ಎದ್ದಿಲ್ಲ. ನೋಡಬೇಕಾದದ್ದು ಹಳ್ಳಿಗಳ ಕಡೆಗೆ. ಜಗಳೂರು, ಚಳ್ಳಕೆರೆ, ಹೊಳಲ್ಕೆರೆ, ಹರಪನಹಳ್ಳಿ ಕಡೆಯ ಯಾವ ಊರಿಗೆ ಬೇಕಾದರೂ ಸುಗ್ಗಿ ಮುಗಿದ ಮೇಲೆ ಹೋಗಿ ನೋಡಿ: ಊರ ಹುಡುಗರೇ ಸೇರಿ ಒಂದು ಪೌರಾಣಿಕವನ್ನೋ ಸಾಮಾಜಿಕವನ್ನೋ ಆಡುತ್ತಾರೆ. ತಾಲೀಮಿಗೆ ಹಾರ್ಮೋನಿಯಂ ಮಾಸ್ತರರು ಬೇಕು, ಸ್ತ್ರೀಪಾತ್ರಕ್ಕೆ ಕಲಾವಿದೆಯರು ಬೇಕು, ತಬಲಾ ಬೇಕು, ಸೀನರಿ ಬೇಕು, ಕಿರೀಟ ಭುಜಕೀರ್ತಿ ಬಾಡಿಗೆಗೆ ಬೇಕು, ಮೈಕ್‌ಸೆಟ್ ಬೇಕು. ಪಾತ್ರಕ್ಕಿಷ್ಟು ಎಂದು ಹುಡುಗರೇ ಪಟ್ಟಿ ಹಾಕಿ ಹಣ ಕೂಡಿಸಿರುತ್ತಾರೆ. ದುರ್ಯೋಧನನ ಪಾತ್ರಕ್ಕೆ ಹೆಚ್ಚು, ದ್ವಾರಪಾಲಕನಿಗೆ ಕಡಿಮೆ. ಇಷ್ಟೆಲ್ಲ ನಡೆಯುವುದು ಬಾಯಿಮಾತಿನಲ್ಲಿ, ಯಾರದೋ ಅಳಿಯನಿಗೆ ಗೊತ್ತಿರುವ ಮಾಸ್ತರರ ಮೂಲಕ. ಕಡೆಗಳಿಗೆಯಲ್ಲಿ ದ್ರೌಪದಿ ಬಾರದೆ ನಾಟಕ ಮುಂದೂಡಿದ ಊರುಗಳನ್ನು ನಾನೇ ಕಂಡಿದ್ದೇನೆ.

ಗುರುವಾರದ ಸುದ್ದಿಯ ಕೊನೆಯಲ್ಲಿ "ಬೇಕಾಗಿದ್ದಾರೆ – ದೊರೆಯುತ್ತಾರೆ" ಎಂಬ ಅಂಕಣ ತೆರೆಯಿರಿ. ಮೂರು ಸಾಲಿಗೆ 100 ರೂಪಾಯಿ, ಹಣ ಮೊದಲು, ಸಾಲು ಆಮೇಲೆ. ತಿಂಗಳಿಗೆ ಏಳು ಬಂದರೆ ಕೊರತೆ ಮುಚ್ಚಿತು; ಯುಗಾದಿಯ ಆಚೀಚೆ ವಾರಕ್ಕೆ ಏಳು ಬಂದರೂ ಆಶ್ಚರ್ಯವಿಲ್ಲ. ಸೀನರಿಯವರು, ಮೈಕ್‌ಸೆಟ್ಟಿನವರು, ಜನರೇಟರಿನವರು ವರ್ಷದ ಜಾಹೀರಾತಿಗೆ ಒಪ್ಪುವುದೂ ಈ ಅಂಕಣ ನಡೆಯುತ್ತಿರುವುದನ್ನು ಕಂಡ ಮೇಲೆಯೇ. ಒಂದು ಎಚ್ಚರಿಕೆ: ಕಲಾವಿದೆಯ ಸಂಭಾವನೆಯಲ್ಲಿ ಪಾಲು ತೆಗೆದುಕೊಳ್ಳುವ ಕೆಲಸಕ್ಕೆ ಇಳಿಯಬೇಡಿ. ಸಾಲಿಗೆ ಹಣ ಪಡೆದವನು ಸುದ್ದಿಗಾರ. ಪಾಲು ಪಡೆದವನು ದಲ್ಲಾಳಿ. ಒಮ್ಮೆ ದಲ್ಲಾಳಿಯಾದ ಮೇಲೆ ಯಾರೂ ನಿಮಗೆ ನಿಜವಾದ ಸುದ್ದಿ ಹೇಳುವುದಿಲ್ಲ.

ಚಂದಾ ವಸೂಲಿಗೂ ಒಂದು ಕಾಲವಿದೆ. ನಿಮ್ಮ ಚಂದಾ ವರ್ಷ, ಸರ್ಕಾರದ ಲೆಕ್ಕದ ಹಾಗೆ, ಏಪ್ರಿಲ್‌ನಿಂದ ಇರಬಹುದೆಂದು ಊಹಿಸುತ್ತೇನೆ. ರಂಗದ ಮಂದಿಯ ಕೈಯಲ್ಲಿ ಹಣ ಓಡಾಡುವುದು ಬನಶಂಕರಿ ಜಾತ್ರೆಯಿಂದ ಯುಗಾದಿಯವರೆಗೆ. ನಮ್ಮಲ್ಲಿ ನಾಯಕನಹಟ್ಟಿ ತೇರು, ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಆಗುವುದೂ ಆ ದಿನಗಳಲ್ಲೇ. ಚಂದಾ ವರ್ಷವನ್ನು ಜನವರಿಗೆ ತನ್ನಿ, ಕ್ಯೂಆರ್ ಕೋಡ್ ಮುದ್ರಿಸಿದ ಚೀಟಿ ಹಿಡಿದು ಬಾದಾಮಿಗೆ ಒಮ್ಮೆ ಹೋಗಿಬನ್ನಿ. ಭಾನುವಾರದ ಎರಡನೆಯ ಆಟ ಮುಗಿದ ಮೇಲೆ ಕೇಳಿ. ಮಳೆಗಾಲದಲ್ಲಿ ಕೇಳಿದರೆ ನಿಮಗೆ ಟೀ ಸಿಗುತ್ತದೆ, ಅಷ್ಟೇ. ಆಷಾಢದಲ್ಲಿ ಎರಡು ವಾರ ರಜೆ ಎಂದು ಮೊದಲೇ ಪ್ರಕಟಿಸಿ, ರಜೆ ತೆಗೆದುಕೊಳ್ಳಿ. ಹನ್ನೊಂದು ವರ್ಷದಲ್ಲಿ ಒಂದು ಗುರುವಾರವನ್ನೂ ತಪ್ಪಿಸಿಲ್ಲ ಎನ್ನುವುದು ಹೆಮ್ಮೆಯೇ ಇರಬಹುದು; ಸಕ್ಕರೆ ಕಾಯಿಲೆಯೂ ರಕ್ತದೊತ್ತಡವೂ ಬರುವುದು ಅಂಥ ಹೆಮ್ಮೆಯ ಬೆನ್ನಿಗೇ.

"ಚೆನ್ನಾಗಿ ಬರೆಯಿರಿ, ನೋಡಿಕೊಳ್ಳುತ್ತೇವೆ" ಎನ್ನುವವರ ವಿಷಯಕ್ಕೆ ಬರೋಣ. ಸಂಜೆಯ ರಂಜನೆಗೂ ಸುದ್ದಿಹಾಳೆಗೂ ನಂಟು ಹಳೆಯದು. ಕ್ಯಾಬರೆ ಎಂದ ಕೂಡಲೇ ನಮ್ಮವರ ಕಣ್ಣಿಗೆ ಎಪ್ಪತ್ತರ ದಶಕದ ಸಿನಿಮಾದ ಕೆಂಪು ದೀಪ ಬರುತ್ತದೆ; ಅದು ಹುಟ್ಟಿದ ಪ್ಯಾರಿಸ್ಸಿನಲ್ಲಿ ಹಾಗಿರಲಿಲ್ಲ. 1881ರಲ್ಲಿ ರೊಡಾಲ್ಫ್ ಸಾಲಿ ಎಂಬಾತ ಮೊಂಮಾರ್ತ್ರ್ ಗುಡ್ಡದ ಬುಡದಲ್ಲಿ 'ಕಪ್ಪು ಬೆಕ್ಕು' ಎಂಬ ಹೆಸರಿಟ್ಟು ತೆರೆದ ಅಂಗಡಿಯಲ್ಲಿ ಕುಡಿಯುವ ಮೇಜುಗಳ ನಡುವೆ ಕವಿಗಳು ಪದ್ಯ ಓದುತ್ತಿದ್ದರು, ಹಾಡುಗಾರರು ದೊಡ್ಡವರನ್ನು ಗೇಲಿ ಮಾಡುತ್ತಿದ್ದರು. ನಮ್ಮ ಕಂಪನಿ ನಾಟಕದ ಹಾಸ್ಯಗಾರ ಆಟಕ್ಕೆ ಮುಂಚೆ ಊರಿನ ನಾಲ್ಕು ಹೆಸರು ಕೇಳಿಕೊಂಡು, ಮುಂದಿನ ಸಾಲಿನಲ್ಲಿ ಕುಳಿತ ಗಣ್ಯರನ್ನೇ ಕಾಲೆಳೆಯುತ್ತಾನಲ್ಲ, ಆ ಜಾತಿಯ ಕೆಲಸ. ಮರುವರ್ಷವೇ ಸಾಲಿ ಅದೇ ಹೆಸರಿನ ವಾರಪತ್ರಿಕೆಯನ್ನೂ ಹೊರಡಿಸಿದ. ಅದರಲ್ಲಿ ಒಳ್ಳೆಯ ಕವಿತೆ, ಒಳ್ಳೆಯ ಚಿತ್ರ ಬಂದವು. ಆದರೆ ಅಂಗಡಿಯೂ ಅವನದೇ, ಪತ್ರಿಕೆಯೂ ಅವನದೇ. ನಿನ್ನೆ ರಾತ್ರಿಯ ಹಾಡು ಸಪ್ಪೆಯಾಗಿತ್ತು ಎಂದು ಅದರಲ್ಲಿ ಯಾರು ಬರೆದಾರು?

ನಿಮ್ಮದು ಹಾಗಲ್ಲ ಎಂಬುದಕ್ಕೇ ಕಂಪನಿ ಮಾಲೀಕರು ನಿಮ್ಮ ಪಟ್ಟಿಯನ್ನು ನಂಬುತ್ತಾರೆ. ಇಂಥ ಕಂಪನಿ ಇಂಥ ಊರಿನಲ್ಲಿ ಹತ್ತು ದಿನಕ್ಕೇ ಕ್ಯಾಂಪ್ ಕಿತ್ತಿತು ಎಂದು ಬರೆಯುವ ಸ್ವಾತಂತ್ರ್ಯ ನಿಮಗೆ ಇಲ್ಲವಾದರೆ ಪಟ್ಟಿಯಿಂದ ಯಾರಿಗೆ ಉಪಯೋಗ? ಜಾಹೀರಾತು ತೆಗೆದುಕೊಳ್ಳಿ, ಸುತ್ತ ಗೆರೆ ಎಳೆದು ಮೇಲೆ "ಜಾಹೀರಾತು" ಎಂದು ಬರೆಯಿರಿ. ನಾಟಕ ನೋಡಲು ಹೋದಾಗ ಟಿಕೆಟ್ ಕೊಂಡುಕೊಳ್ಳಿ. ತ್ರೈಮಾಸಿಕಕ್ಕೆ ಒಂದೇ ವಿಮರ್ಶೆ ಎಂದ ಮೇಲೆ ವರ್ಷಕ್ಕೆ ನಾಲ್ಕು ಟಿಕೆಟ್, ಭಾರವಾಗುವುದಿಲ್ಲ. ನಾನು ಒಮ್ಮೆ ಜಾರಿದ್ದೇನೆ. ಎಂಬತ್ತರ ದಶಕದ ಕೊನೆಯಲ್ಲಿ ಗೆಳೆಯರ ಪಾಕ್ಷಿಕವೊಂದಕ್ಕೆ ಬರೆಯುತ್ತಿದ್ದಾಗ, ಒಬ್ಬ ಮಾಲೀಕರ ಮನೆಯ ಹೋಳಿಗೆ ಊಟ ಮುಗಿಸಿ ಬಂದು ಅವರ ನಾಟಕವನ್ನು ಹೊಗಳಿ ಬರೆದೆ. ಮುಂದಿನ ವಾರ ಮಂಡಿಪೇಟೆಯಲ್ಲಿ ಸಿಕ್ಕ ಹಮಾಲರೊಬ್ಬರು, "ನಿಮ್ಮ ಮಾತು ನಂಬಿ ಮನೆಮಂದಿಯನ್ನೆಲ್ಲ ಕರೆದುಕೊಂಡು ಹೋಗಿದ್ದೆ ಸ್ವಾಮಿ" ಎಂದಷ್ಟೇ ಹೇಳಿ ಮೂಟೆ ಎತ್ತಿಕೊಂಡು ನಡೆದರು. ಹತ್ತಿ ಗಿರಣಿಗಳು ಒಂದೊಂದಾಗಿ ಮುಚ್ಚುತ್ತಿದ್ದ ಕಾಲ ಅದು, ಐದು ಟಿಕೆಟ್ ಎಂದರೆ ಸಣ್ಣ ಹಣವಲ್ಲ.

ಸಾವಿನ ಸುದ್ದಿಗೂ ಒಂದು ಮಾತು. ಮನೆಯವರೊಬ್ಬರ ಬಾಯಿಂದ ಕೇಳುವವರೆಗೆ ಹಾಕಬೇಡಿ. ಅದೇ ಪಾಕ್ಷಿಕದಲ್ಲಿ ನಾವು ಶ್ರದ್ಧಾಂಜಲಿ ಮುದ್ರಿಸಿದ ಹಿರಿಯ ನಟರು ನಾಲ್ಕನೆಯ ದಿನ ಕಚೇರಿಗೆ ಬಂದು, "ನನ್ನ ತಿಥಿಯ ಊಟ ಎಲ್ಲಿ?" ಎಂದು ಬೆಂಚಿನ ಮೇಲೆ ಕುಳಿತರು. ಮಂಡಕ್ಕಿ ಮೆಣಸಿನಕಾಯಿ ತರಿಸಿ ಸಮಾಧಾನ ಮಾಡಿದೆವು.

ವಾಟ್ಸ್‌ಆ್ಯಪ್ ಬಗ್ಗೆ. ನಿಮ್ಮದು ಗುಂಪೋ, ಬ್ರಾಡ್‌ಕಾಸ್ಟ್ ಪಟ್ಟಿಯೋ ನೀವು ಬರೆದಿಲ್ಲ. ಗುಂಪಿನಲ್ಲಿ 1,024 ಜನರವರೆಗೆ ಸೇರಿಸಬಹುದು, ಆದರೆ ಎಲ್ಲರಿಗೂ ಎಲ್ಲರ ನಂಬರು ಕಾಣುತ್ತದೆ. ಕಲಾವಿದೆಯರ ನಂಬರು ಅಪರಿಚಿತರ ಕೈಗೆ ಸಿಕ್ಕರೆ ರಾತ್ರಿ ಹನ್ನೊಂದಕ್ಕೆ ಎಂಥ ಕರೆಗಳು ಬರುತ್ತವೆ ಎಂದು ಅವರನ್ನೇ ಕೇಳಿ. ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ ಸುದ್ದಿ ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಹೋಗುವುದರಿಂದ ಆ ತೊಂದರೆಯಿಲ್ಲ. ಒಂದು ಪಟ್ಟಿಗೆ 256 ಜನ, ಮತ್ತು ನಿಮ್ಮ ನಂಬರನ್ನು ಉಳಿಸಿಕೊಂಡವರಿಗೆ ಮಾತ್ರ ಸುದ್ದಿ ತಲುಪುತ್ತದೆ. ಇದನ್ನೊಂದು ಅನುಕೂಲವೆಂದೇ ತಿಳಿಯಿರಿ, ನಂಬರು ಉಳಿಸಿಕೊಳ್ಳದವರು ಓದುಗರೇ ಅಲ್ಲ. 2023ರಲ್ಲಿ ಬಂದ ಚಾನೆಲ್‌ನಲ್ಲಿ ಎಷ್ಟು ಜನ ಬೇಕಾದರೂ ಇರಬಹುದು, ಆದರೆ ಅವರ ನಂಬರು ನಿಮಗೆ ಸಿಗುವುದಿಲ್ಲ. ಆದ್ದರಿಂದ ಊರವರಿಗೆಲ್ಲ ಚಾನೆಲ್, ಕ್ಯಾಂಪ್ ಪಟ್ಟಿ ಚಂದಾದಾರರಿಗೆ ಮೊದಲು ಬ್ರಾಡ್‌ಕಾಸ್ಟ್‌ನಲ್ಲಿ, ಮರುದಿನ ಚಾನೆಲ್‌ನಲ್ಲಿ. ಒಂದು ದಿನದ ಅಂತರವೇ ಚಂದಾ ಕೊಟ್ಟವರಿಗೆ ಸಿಗುವ ಲಾಭ. ಎಲ್ಲ ನಂಬರುಗಳನ್ನೂ ಒಂದು ಲೆಕ್ಕದ ಪುಸ್ತಕಕ್ಕೆ ಇಳಿಸಿ ಮನೆಯವರಿಗೆ ತೋರಿಸಿಡಿ. ಫೋನು ಬಸ್ಸಿನಲ್ಲಿ ಬಿದ್ದುಹೋದರೆ ಹನ್ನೊಂದು ವರ್ಷ ಬಿದ್ದುಹೋಗಬಾರದು.

ಕಾನೂನಿನ ವಿಷಯವನ್ನು ಬೇಗ ಮುಗಿಸುತ್ತೇನೆ. ನಿಯತವಾಗಿ ಮುದ್ರಿಸುವ ಸುದ್ದಿಹಾಳೆಗೆ ನೋಂದಣಿ ಬೇಕು. 1867ರ ಹಳೆಯ ಕಾಯ್ದೆ ಹೋಗಿ, 2023ರ ಹೊಸ ಕಾಯ್ದೆ 2024ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಅರ್ಜಿಯನ್ನು ಆನ್‌ಲೈನ್‌ನಲ್ಲೇ ಹಾಕಬಹುದು. ತ್ರೈಮಾಸಿಕ ಎಂದು ಮೊದಲು ತೀರ್ಮಾನಿಸಿ, ಅದನ್ನೇ ಅರ್ಜಿಯಲ್ಲಿ ಬರೆಯಿರಿ. ಮಾಸಿಕ ಎಂದು ಬರೆದು ಆಮೇಲೆ ಒದ್ದಾಡಬೇಡಿ. ಜಿಎಸ್‌ಟಿಯ ಚಿಂತೆ ನಿಮಗಿಲ್ಲ, ಜಾಹೀರಾತಿನಂಥ ಸೇವೆ ಕೊಡುವವರಿಗೆ ಒಟ್ಟು ವಹಿವಾಟು ವರ್ಷಕ್ಕೆ 20 ಲಕ್ಷ ದಾಟುವವರೆಗೆ ನೋಂದಣಿ ಬೇಕಿಲ್ಲ. ದಾಟಿದ ದಿನ ನನಗೆ ಬೆಣ್ಣೆ ದೋಸೆ ಕೊಡಿಸಿ.

ಇಂಥ ಹೊತ್ತಿನಲ್ಲಿ ಯಾರಾದರೂ "ಅಮೆರಿಕದಲ್ಲಿರುವ ಕನ್ನಡಿಗರಿಂದ ದೇಣಿಗೆ ತರಿಸಿ" ಎಂದು ಸಲಹೆ ಕೊಟ್ಟೇ ಕೊಡುತ್ತಾರೆ. ಅಲ್ಲಿ ಮುಳ್ಳಿದೆ. ವಿದೇಶಿ ದೇಣಿಗೆ ನಿಯಂತ್ರಣದ 2010ರ ಕಾಯ್ದೆಯು ನೋಂದಾಯಿತ ಪತ್ರಿಕೆಯ ಸಂಪಾದಕ, ಮಾಲೀಕ, ಮುದ್ರಕ, ಪ್ರಕಾಶಕರು ವಿದೇಶಿ ಮೂಲದಿಂದ ದೇಣಿಗೆ ಪಡೆಯುವುದನ್ನು ನಿಷೇಧಿಸುತ್ತದೆ. ಭಾರತದ ಪೌರತ್ವ ಉಳಿಸಿಕೊಂಡವರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳುಹಿಸಿದರೆ ಅದು ವಿದೇಶಿ ದೇಣಿಗೆಯಲ್ಲ. ಅಲ್ಲಿನ ಪೌರತ್ವ ಪಡೆದವರು, ಅವರು ನಿಮ್ಮ ಸೋದರಮಾವನೇ ಆಗಿದ್ದರೂ, ವಿದೇಶಿ ಮೂಲ. ಪತ್ರಿಕೆ ಕಳುಹಿಸಿ ಅದರ ಚಂದಾ ಪಡೆಯುವುದು ವ್ಯಾಪಾರ, ಅದು ಬೇರೆ ಮಾತು. ಆ ಕಡೆಯಿಂದ ಹಣ ಬರುವುದಿದ್ದರೆ ಮೊದಲು ಒಬ್ಬ ಆಡಿಟರನ್ನು ಕಾಣಿ.

ಹಳೆಯ ಸಂಚಿಕೆಗಳನ್ನು ಏನು ಮಾಡಿದ್ದೀರಿ? ಅಟ್ಟದ ಮೇಲೆ ಗಂಟು ಕಟ್ಟಿಟ್ಟಿದ್ದರೆ ಇಳಿಸಿ. ಕಲಾವಿದರ ಮಾಸಾಶನಕ್ಕೆ ಅರ್ಜಿ ಹಾಕುವವರು ತಾವು ಇಷ್ಟು ವರ್ಷ ಬಣ್ಣ ಹಚ್ಚಿದ್ದೇವೆ ಎಂದು ತೋರಿಸಬೇಕು. ಊರಿಂದ ಊರಿಗೆ ಪೆಟ್ಟಿಗೆ ಹೊತ್ತವರ ಬಳಿ ಕರಪತ್ರ ಉಳಿದಿರುವುದಿಲ್ಲ. ನಿಮ್ಮ ಹಾಳೆಯಲ್ಲಿ ತಾರೀಖಿನ ಸಮೇತ ಅವರ ಹೆಸರಿದೆ. ಹೆಸರಿನ ಪ್ರಕಾರ ಒಂದು ಸೂಚಿ ಮಾಡಿ; ರಜೆಯಲ್ಲಿ ಕಾಲೇಜು ಹುಡುಗಿಯೊಬ್ಬಳಿಗೆ ಹಣ ಕೊಟ್ಟು ಮಾಡಿಸಿದರೂ ಆದೀತು. ಕಲಾವಿದರಿಗೆ ಪ್ರತಿ ತೆಗೆದುಕೊಡಲು ಹಣ ಕೇಳಬೇಡಿ. ಸಂಶೋಧಕರಿಗೆ ಧಾರಾಳವಾಗಿ ಕೇಳಿ. ಜ್ಯೂರಿಕ್‌ನಲ್ಲಿ 1916ರ ಫೆಬ್ರವರಿಯಲ್ಲಿ ಶುರುವಾದ 'ಕ್ಯಾಬರೆ ವೋಲ್ಟೇರ್' ಎಂಬ ಅಂಥದೇ ಅಂಗಡಿ ಆ ವರ್ಷದ ಬೇಸಿಗೆ ಕಳೆಯುವಷ್ಟರಲ್ಲಿ ಬಾಗಿಲು ಹಾಕಿತ್ತು. ಅದರ ಹೆಸರಿನ ಪತ್ರಿಕೆ ಬಂದದ್ದು ಒಂದೇ ಸಂಚಿಕೆ, ಅದನ್ನು ಇಂದಿಗೂ ವಿದ್ವಾಂಸರು ಹುಡುಕಿಕೊಂಡು ಹೋಗಿ ಓದುತ್ತಾರೆ. ನಿಮ್ಮ ಬಳಿ ನೂರಮೂವತ್ತರ ಹತ್ತಿರ ಇರಬೇಕು. ಅದೂ ಕೆ.ಬಿ.ಆರ್. ಡ್ರಾಮಾ ಕಂಪನಿ ಬೆಳೆದ, ಚಿಂದೋಡಿ ಲೀಲಾ ಅವರಂಥ ನಟಿಯನ್ನು ಕೊಟ್ಟ ಊರಿನಲ್ಲಿ ಕುಳಿತು ಬರೆದವು. ವೃತ್ತಿ ರಂಗಭೂಮಿಗೆಂದೇ ಸರ್ಕಾರ ರಂಗಾಯಣ ಕೊಟ್ಟಿರುವುದೂ ಇದೇ ಊರಿಗೆ. ಒಂದು ಕಟ್ಟು ಅಲ್ಲಿಗೂ ಒಂದು ಕಟ್ಟು ಸಾಣೇಹಳ್ಳಿಗೂ ಕೊಟ್ಟು ಬನ್ನಿ. 1997ರಿಂದ ಶಿವಸಂಚಾರ ನಾಟಕ ತಂಡದ ತಿರುಗಾಟ ನಡೆಸುತ್ತಿರುವ ಮಠಕ್ಕೆ ಹಳೆಯ ಹಾಳೆಯ ಬೆಲೆ ಗೊತ್ತಿರುತ್ತದೆ.

ಪ್ರೆಸ್ಸಿನ ಬಾಕಿ 18,000. ಅವರ ಕಣ್ಣು ತಪ್ಪಿಸಿ ಪಿ.ಬಿ. ರಸ್ತೆಯ ಆಚೆ ಬದಿಯಲ್ಲಿ ನಡೆಯುತ್ತಿದ್ದೀರೆಂದು ಊಹಿಸುತ್ತೇನೆ. ಎಲ್ಲ ಸಂಪಾದಕರೂ ಹಾಗೆಯೇ. ನಾಳೆ ನೇರವಾಗಿ ಒಳಗೆ ಹೋಗಿ, ತಿಂಗಳಿಗೆ 1,500ರಂತೆ ಹನ್ನೆರಡು ಕಂತು ಎಂದು ಹೇಳಿ, ಮೊದಲ ಕಂತನ್ನು ಮೇಜಿನ ಮೇಲಿಟ್ಟು ರಸೀದಿ ಪಡೆಯಿರಿ. ಈ ಹಣ ಮಾತ್ರ ಒಂದು ವರ್ಷ ಮನೆಯಿಂದಲೇ ಹೋಗಬೇಕಾಗುತ್ತದೆ, ಅದನ್ನು ಮನೆಯವರಿಗೆ ಮೊದಲೇ ಹೇಳಿ ಒಪ್ಪಿಸಿ. 4,430 ಕೊಡುತ್ತಿದ್ದವರಿಗೆ 1,500, ಅದೂ ಕೊನೆಯ ತಾರೀಖು ಗೊತ್ತಿರುವ 1,500, ಎಂದರೆ ಅವರು ಬೇಡವೆನ್ನಲಾರರು.

ಕೊಂಡುಕೊಳ್ಳುತ್ತೇನೆ ಎಂದ ಮಾಲೀಕರಿಗೆ ಸೇವೆಯನ್ನು ಮಾರಬೇಡಿ. ಅವರ ಕಂಪನಿಯ ಹೆಸರು ಪಟ್ಟಿಯ ತಲೆಯ ಮೇಲೆ ಬಂದ ಮೊದಲ ಗುರುವಾರವೇ ಉಳಿದ ಕಂಪನಿಗಳು ನಿಮ್ಮ ಫೋನ್ ಎತ್ತುವುದನ್ನು ನಿಲ್ಲಿಸುತ್ತವೆ. ಆದರೆ ಅವರ ಕೈಯಲ್ಲಿ ಖರ್ಚು ಮಾಡುವಷ್ಟು ಹಣವಿದೆ ಎಂಬುದು ಗೊತ್ತಾಯಿತಲ್ಲ. ಜಾತ್ರೆ ಸಂಚಿಕೆಯ ಹಿಂಬದಿಯ ಪೂರ್ತಿ ಪುಟವನ್ನು ಅವರಿಗೆ ಕೊಡಿ, 3,000 ಹೇಳಿ, 2,500ಕ್ಕೆ ಒಪ್ಪಿಕೊಳ್ಳಿ. ಆ ಪುಟದ ಮೇಲೆ "ಜಾಹೀರಾತು" ಎಂದು ಬರೆಯುವುದನ್ನು ಮರೆಯಬೇಡಿ.